ಆಟೋಕರೆಕ್ಟ್ ಮತ್ತು ಸ್ಪೆಲ್ ಚೆಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೂಫ್ ನೋಡುವುದು ನನ್ನ ದಿನನಿತ್ಯದ ಕೆಲಸ. ಕನ್ನಡ, ಇಂಗ್ಲಿಷ್ ಎರಡರ ಫೈಲುಗಳೂ ಬರುತ್ತವೆ. ವರ್ಡ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ ತೆರೆದು ತಿದ್ದುತ್ತೇನೆ. "ನಾನು ಹೊಡೆದದ್ದು ಒಂದು, ಬಂದದ್ದು ಇನ್ನೊಂದು" ಅನ್ನುವ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಜನ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ಕಂಪ್ಯೂಟರಿನಲ್ಲಿ ಬರೆಯುವವರಿಗೆ. ಫೋನಿನ ಕೀಬೋರ್ಡ್ ಬೇರೆ ಥರ ಕೆಲಸ ಮಾಡುತ್ತದೆ, ಅದನ್ನು ಇಲ್ಲಿ ತಂದಿಲ್ಲ.

ಆಟೋಕರೆಕ್ಟ್, ಸ್ಪೆಲ್ ಚೆಕ್ ಎರಡೂ ಒಂದೇ ಅಲ್ವಾ?

ಅಲ್ಲ. ಸ್ಪೆಲ್ ಚೆಕ್ ತಪ್ಪನ್ನು ತೋರಿಸುತ್ತದೆ. ಪದದ ಕೆಳಗೆ ಕೆಂಪು ಅಲೆಗೆರೆ ಎಳೆದು ಸುಮ್ಮನಾಗುತ್ತದೆ. ತಿದ್ದಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ಆಟೋಕರೆಕ್ಟ್ ಕೇಳುವುದಿಲ್ಲ. ಪದ ಮುಗಿದು ನೀವು ಸ್ಪೇಸ್ ಬಾರ್ ಒತ್ತಿದ ಕ್ಷಣ ಅದು ಬದಲಾಯಿಸಿಬಿಟ್ಟಿರುತ್ತದೆ.

ಕೆಂಪು ಗೆರೆ ಕಂಡರೆ ನಾವು ನಿಂತು ನೋಡುತ್ತೇವೆ. ಆಟೋಕರೆಕ್ಟ್ ಮಾಡಿದ ಬದಲಾವಣೆಗೆ ಗೆರೆಯೇ ಇರುವುದಿಲ್ಲ, ಯಾಕೆಂದರೆ ಅದು ಹಾಕಿದ ಪದ ಡಿಕ್ಷನರಿಯಲ್ಲಿ ಇರುವ ಪದವೇ. ಹಾಗಾಗಿ ಪ್ರೂಫ್ ನೋಡುವವರಿಗೆ ನಿಜವಾದ ತಲೆನೋವು ಕೆಂಪು ಗೆರೆಯದ್ದಲ್ಲ, ಗೆರೆಯಿಲ್ಲದೆ ನಡೆದುಹೋದ ಬದಲಾವಣೆಯದ್ದು.

ಇದು ಶುರುವಾಗಿದ್ದು ಯಾವಾಗ?

ಮೊದಲು ಬಂದದ್ದು ಸ್ಪೆಲ್ ಚೆಕ್. 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಲ್ಫ್ ಗೋರಿನ್ ಎಂಬವರು ಪಿಡಿಪಿ-10 ಕಂಪ್ಯೂಟರಿಗೆ 'ಸ್ಪೆಲ್' ಎಂಬ ಪ್ರೋಗ್ರಾಂ ಬರೆದರು. ಅದು ತಪ್ಪು ತೋರಿಸುವುದಷ್ಟೇ ಅಲ್ಲ, ಒಂದು ಅಕ್ಷರದ ವ್ಯತ್ಯಾಸದಲ್ಲಿ ಸಿಗುವ ಸರಿ ಪದಗಳನ್ನು ಹುಡುಕಿ ಮುಂದಿಡುತ್ತಿತ್ತು. ಇವತ್ತು ನಾವು ರೈಟ್ ಕ್ಲಿಕ್ ಮಾಡಿದಾಗ ಕಾಣುವ ಸಲಹೆಗಳ ಪಟ್ಟಿ ಅದರ ಮುಂದುವರಿಕೆಯೇ.

ಆಟೋಕರೆಕ್ಟ್ ಎಂಬ ಹೆಸರಿನ ಸೌಲಭ್ಯ ಬಂದದ್ದು 1993ರ ವರ್ಡ್ 6ರಲ್ಲಿ. ಮೈಕ್ರೋಸಾಫ್ಟ್‌ನ ಡೀನ್ ಹಚಮೋವಿಚ್ ಅದರ ಹಿಂದಿದ್ದವರು. ವರ್ಡ್‌ನಲ್ಲಿ ಆಗಲೇ ಒಂದು 'ಗ್ಲಾಸರಿ' ಇತ್ತು. ಚಿಕ್ಕದೊಂದು ಪದ ಹೊಡೆದು ಎಫ್3 ಕೀ ಒತ್ತಿದರೆ ಅದರ ಜಾಗಕ್ಕೆ ಉದ್ದನೆಯ ವಾಕ್ಯವೋ ಲೋಗೋವೋ ಬರುತ್ತಿತ್ತು. ಇಂಗ್ಲಿಷಿನ 'ದಿ' ಬರೆಯುವಾಗ ಟಿ, ಎಚ್, ಇ ಬದಲು ಟಿ, ಇ, ಎಚ್ ಎಂದು ಬೆರಳು ಜಾರುವುದು ಎಲ್ಲರಿಗೂ ಆಗುವ ತಪ್ಪು. ಅದನ್ನೂ ಗ್ಲಾಸರಿಯಿಂದಲೇ ಸರಿ ಮಾಡಬಹುದು ಎಂದು ಅವರಿಗೆ ಹೊಳೆಯಿತು. ಆದರೆ ಪ್ರತಿ ಸಲ ಎಫ್3 ಒತ್ತುವವರು ಯಾರು? ಪದ ಮುಗಿದ ಮೇಲೆ ಹೇಗೂ ಎಲ್ಲರೂ ಸ್ಪೇಸ್ ಬಾರ್ ಒತ್ತಿಯೇ ಒತ್ತುತ್ತಾರೆ. ಆ ಕೀಗೇ ಕೆಲಸ ಒಪ್ಪಿಸಿದರು. ಇಡೀ ಸಂಗತಿ ಇಷ್ಟು ಸರಳ. ಕೆಂಪು ಅಲೆಗೆರೆ ಆಮೇಲೆ ವರ್ಡ್ 95ರಲ್ಲಿ ಬಂತು.

ಒಂದು ಪದ ತಪ್ಪು ಅಂತ ಅದಕ್ಕೆ ಗೊತ್ತಾಗುವುದು ಹೇಗೆ?

ಎರಡು ದಾರಿ ಇವೆ. ಒಂದು, ಸಿದ್ಧ ಪಟ್ಟಿ. ಎಡಗಡೆ ತಪ್ಪು, ಬಲಗಡೆ ಸರಿ. ಹೊಡೆದ ಪದ ಎಡಗಡೆ ಸಿಕ್ಕರೆ ಬಲಗಡೆಯದನ್ನು ತಂದು ಹಾಕುತ್ತದೆ. ವರ್ಡ್‌ನ ಆಟೋಕರೆಕ್ಟ್ ಬಹುಪಾಲು ಇದೇ. ಇಲ್ಲಿ ಯಾವ ಜಾಣತನವೂ ಇಲ್ಲ, ಊಹೆಯೂ ಇಲ್ಲ.

ಇನ್ನೊಂದು, ಲೆಕ್ಕ ಹಾಕಿ ಊಹಿಸುವುದು. 1964ರಲ್ಲಿ ಫ್ರೆಡ್ರಿಕ್ ಡ್ಯಾಮರೋ ಎಂಬವರು ಒಂದು ಪ್ರಬಂಧ ಬರೆದರು. ಕಾಗುಣಿತದ ತಪ್ಪುಗಳಲ್ಲಿ ಶೇಕಡಾ 80ಕ್ಕೂ ಜಾಸ್ತಿ ನಾಲ್ಕೇ ಬಗೆಯವು ಎಂದು ಅದರಲ್ಲಿ ತೋರಿಸಿದರು. ಒಂದು ಅಕ್ಷರ ಬಿಟ್ಟುಹೋಗುವುದು, ಒಂದು ಜಾಸ್ತಿಯಾಗುವುದು, ಒಂದರ ಬದಲು ಇನ್ನೊಂದು ಬರುವುದು, ಪಕ್ಕಪಕ್ಕದ ಎರಡು ಅದಲುಬದಲಾಗುವುದು. ಅವರು ನೋಡಿದ್ದು ಇಂಗ್ಲಿಷ್ ಪದಗಳನ್ನು. ಆದರೆ 'ಪುಸ್ತಕ' ಎಂಬ ನಮ್ಮ ಪದವನ್ನೇ ತೆಗೆದುಕೊಳ್ಳಿ. ಒತ್ತಿನ ಕೀ ಬಿಟ್ಟರೆ 'ಪುಸತಕ'. ಕೊನೆಯ ಕೀ ಎರಡು ಸಲ ಒತ್ತಿದರೆ 'ಪುಸ್ತಕಕ'. ಶಿಫ್ಟ್ ಕೀ ಸುಮ್ನೆ ತಾಗಿದರೆ 'ಪುಸ್ತಖ'. ಬೆರಳು ಹಿಂದುಮುಂದಾದರೆ 'ಪುಸ್ಕತ'. ದಿನಾ ಕಣ್ಣಿಗೆ ಬೀಳುವ ತಪ್ಪುಗಳೇ ಇವು.

ಪ್ರೋಗ್ರಾಂ ಇದನ್ನು ಉಲ್ಟಾ ಓಡಿಸುತ್ತದೆ. 'ಪುಸ್ಕತ' ಡಿಕ್ಷನರಿಯಲ್ಲಿ ಇಲ್ಲ. ಒಂದೇ ಹೆಜ್ಜೆಯಲ್ಲಿ ಇದರಿಂದ ತಲುಪಬಹುದಾದ ಪದ ಯಾವುದು ಎಂದು ಹುಡುಕುತ್ತದೆ. ನಾಲ್ಕಾರು ಸಿಕ್ಕರೆ ಜನ ಯಾವುದನ್ನು ಜಾಸ್ತಿ ಬಳಸುತ್ತಾರೆ, ಅಕ್ಕಪಕ್ಕದ ಪದಗಳಿಗೆ ಯಾವುದು ಹೊಂದುತ್ತದೆ ಎಂದು ತೂಗುತ್ತದೆ. ಗೂಗಲ್ ಡಾಕ್ಸ್ ತಾನಾಗಿ ತಿದ್ದುವಾಗ ಸುತ್ತಲಿನ ವಾಕ್ಯವನ್ನೂ ನೋಡುತ್ತದೆ.

ಒಂದು ಮಾತು ನೆನಪಿರಲಿ. ಎರಡೂ ದಾರಿಯಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಬೆರಳು ಎಲ್ಲಿ ಜಾರಿರಬಹುದು ಎಂಬುದನ್ನಷ್ಟೇ ಅದು ಲೆಕ್ಕ ಹಾಕುತ್ತದೆ.

ನಾನು ಸರಿಯಾಗಿ ಬರೆದದ್ದನ್ನೇ ಬದಲಾಯಿಸಿತು. ಈಗ ಏನು ಮಾಡಲಿ?

ತಕ್ಷಣ ಕಂಟ್ರೋಲ್ ಹಿಡಿದು ಝಡ್ ಒತ್ತಿ. ಮ್ಯಾಕ್ ಆದರೆ ಕಮಾಂಡ್ ಮತ್ತು ಝಡ್. ಬಹಳ ಜನಕ್ಕೆ ಇದು ಗೊತ್ತಿಲ್ಲ: ಆಟೋಕರೆಕ್ಟ್ ಮಾಡಿದ ಬದಲಾವಣೆಯನ್ನು ವರ್ಡ್ ಬೇರೆಯೇ ಒಂದು ಹೆಜ್ಜೆಯಾಗಿ ಎಣಿಸುತ್ತದೆ. ಹಾಗಾಗಿ ಒಂದು ಸಲ ಅನ್‌ಡೂ ಮಾಡಿದರೆ ನೀವು ಬರೆದದ್ದು ಅಳಿಸಿಹೋಗುವುದಿಲ್ಲ, ಅದರ ತಿದ್ದುಪಡಿ ಮಾತ್ರ ಹಿಂದೆ ಸರಿಯುತ್ತದೆ. ನಿಮ್ಮ ಪದ ನೀವು ಹೊಡೆದ ಹಾಗೇ ಉಳಿಯುತ್ತದೆ.

ಮುಂದಕ್ಕೆ ಬರೆದುಬಿಟ್ಟಿದ್ದರೆ ಮೌಸನ್ನು ಆ ಪದದ ಮೇಲೆ ತನ್ನಿ. ಪದದ ಮೊದಲಲ್ಲಿ ಚಿಕ್ಕದೊಂದು ನೀಲಿ ಪಟ್ಟಿ ಕಾಣುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಮಿಂಚಿನ ಗುರುತಿನ ಬಟನ್ ಬರುತ್ತದೆ. ಒತ್ತಿದರೆ ಮುಖ್ಯವಾಗಿ ಎರಡು ಆಯ್ಕೆ: ಈ ಒಂದು ಸಲ ಹಿಂದಿನಂತೆ ಮಾಡು, ಅಥವಾ ಈ ಪದವನ್ನು ಇನ್ನು ಮುಂದೆ ತಿದ್ದಲೇಬೇಡ. ಎರಡನೆಯದನ್ನು ಒತ್ತಿದರೆ ಆ ಪದದ ಕಾಟ ಅಲ್ಲಿಗೆ ಮುಗಿಯಿತು.

ಆ ಪಟ್ಟಿಯನ್ನು ನಾನೇ ನೋಡಬಹುದಾ?

ಖಂಡಿತ. ವರ್ಡ್‌ನಲ್ಲಿ 'ಫೈಲ್', 'ಆಪ್ಷನ್ಸ್', 'ಪ್ರೂಫಿಂಗ್' ದಾಟಿ 'ಆಟೋಕರೆಕ್ಟ್ ಆಪ್ಷನ್ಸ್' ಒತ್ತಿ. ಮ್ಯಾಕ್‌ನ ವರ್ಡ್ ಮತ್ತು ಲಿಬ್ರೆಆಫೀಸ್ ಎರಡರಲ್ಲೂ 'ಟೂಲ್ಸ್' ಮೆನುವಿನ ಒಳಗೆ ಸಿಗುತ್ತದೆ. ಗೂಗಲ್ ಡಾಕ್ಸ್‌ನಲ್ಲಿ 'ಟೂಲ್ಸ್', 'ಪ್ರಿಫರೆನ್ಸಸ್', ಅಲ್ಲಿ 'ಸಬ್‌ಸ್ಟಿಟ್ಯೂಷನ್ಸ್'.

ವರ್ಡ್‌ನಲ್ಲಿ ಆ ಕಿಟಕಿಯ ನೆತ್ತಿಯ ಮೇಲೆ ಭಾಷೆಯ ಹೆಸರು ಇರುತ್ತದೆ, ಅದನ್ನು ಗಮನಿಸಿ. ಒಂದೊಂದು ಭಾಷೆಗೆ ಒಂದೊಂದು ಪಟ್ಟಿ. ಅಮೆರಿಕನ್ ಇಂಗ್ಲಿಷಿನ ಪಟ್ಟಿಯಿಂದ ಪದ ತೆಗೆದರೂ ಬ್ರಿಟಿಷ್ ಇಂಗ್ಲಿಷಿನ ಪಟ್ಟಿಯಲ್ಲಿ ಅದು ಹಾಗೇ ಕೂತಿರಬಹುದು. "ತೆಗೆದೆ, ಆದರೂ ಮತ್ತೆ ಬರುತ್ತಿದೆ" ಎನ್ನುವವರಿಗೆ ಹೆಚ್ಚಿನ ಸಲ ಆಗಿರುವುದು ಇದೇ.

ಆ ಕಿಟಕಿಯಲ್ಲೇ 'ಎಕ್ಸೆಪ್ಷನ್ಸ್' ಎಂಬ ಬಟನ್ ಕೂಡ ಇದೆ. ಚುಕ್ಕಿ ಇಟ್ಟ ಕೂಡಲೇ ಮುಂದಿನ ಪದದ ಮೊದಲ ಅಕ್ಷರ ದೊಡ್ಡದಾಗುವುದು, ಎರಡು ದೊಡ್ಡ ಅಕ್ಷರಗಳಿಂದ ಶುರುವಾಗುವ ಪದದಲ್ಲಿ ಎರಡನೆಯದು ಚಿಕ್ಕದಾಗುವುದು, ಇವಕ್ಕೆಲ್ಲ ವಿನಾಯಿತಿ ಅಲ್ಲಿ ಬರೆದಿಡಬಹುದು.

ಜನರ ಹೆಸರುಗಳು ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ?

ಈ ಪ್ರಶ್ನೆ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಕೆಲವು ವರ್ಷಗಳ ಹಿಂದೆ ಒಂದು ಇಂಗ್ಲಿಷ್ ಪುಸ್ತಕದ ಪ್ರೂಫ್ ನೋಡುತ್ತಿದ್ದೆ. ಕೃತಜ್ಞತೆಯ ಪುಟದಲ್ಲಿ ಹೆಗ್ಡೆ ಎಂಬ ಅಡ್ಡಹೆಸರು ಇತ್ತು. ಸ್ಪೆಲ್ ಚೆಕ್ ಅದನ್ನು ಹಿಡಿದು 'ಹೆಡ್ಜ್' ಎಂದು ಸಲಹೆ ಕೊಟ್ಟಿತು. ಹೆಡ್ಜ್ ಅಂದರೆ ಬೇಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಪದಕ್ಕೂ ಇರುವ ವ್ಯತ್ಯಾಸ ಪಕ್ಕಪಕ್ಕದ ಎರಡು ಅಕ್ಷರಗಳ ಅದಲುಬದಲು, ಅಷ್ಟೇ. ಸಂಜೆಯಾಗಿತ್ತು, ಕಣ್ಣು ಸೋತಿತ್ತು, ಸಾಲು ಸಾಲಾಗಿ ಬಂದ ಸಲಹೆಗಳಿಗೆ ಒಪ್ಪಿಗೆ ಒತ್ತುತ್ತಾ ಹೋದೆ. ಇದಕ್ಕೂ ಒತ್ತಿದೆ. ಅಚ್ಚಾಗಿ ಬಂದ ಪುಸ್ತಕದಲ್ಲಿ ಆ ಹಿರಿಯರ ಹೆಸರು ಬೇಲಿಯಾಗಿತ್ತು. ಅವರು ಬೇಸರ ತೋರಿಸಲಿಲ್ಲ. ಆದರೆ ವರ್ಷಗಟ್ಟಲೆ ಸಹಾಯ ಮಾಡಿದವರಿಗೆ ಥ್ಯಾಂಕ್ಸ್ ಹೇಳುವ ಒಂದೇ ಒಂದು ಸಾಲಿನಲ್ಲಿ ಅವರ ಹೆಸರೇ ತಪ್ಪಿದ್ದು ನನಗೆ ಇವತ್ತಿಗೂ ನೋವಾಗುತ್ತದೆ.

ಅಂದಿನಿಂದ ಹೊಸ ಕೆಲಸ ಕೈಗೆ ಬಂದಾಗ ಮೊದಲು ಮಾಡುವುದು ಇದು. ಫೈಲಿನಲ್ಲಿ ಬರುವ ಎಲ್ಲ ಹೆಸರುಗಳನ್ನೂ ಬರೆದವರಿಂದ ಕೇಳಿ ಒಂದು ಹಾಳೆಯಲ್ಲಿ ಇಟ್ಟುಕೊಳ್ಳುತ್ತೇನೆ. ಅವನ್ನೆಲ್ಲ ವರ್ಡ್‌ನ ಕಸ್ಟಮ್ ಡಿಕ್ಷನರಿಗೆ ಸೇರಿಸುತ್ತೇನೆ. ಪದದ ಮೇಲೆ ರೈಟ್ ಕ್ಲಿಕ್ ಮಾಡಿ 'ಆ್ಯಡ್ ಟು ಡಿಕ್ಷನರಿ' ಒತ್ತಿದರೆ ಆಯಿತು. ಆಮೇಲೆ ಆ ಹೆಸರು ಸರಿಯಾಗಿದ್ದರೆ ಗೆರೆ ಇರುವುದಿಲ್ಲ, ಒಂದು ಅಕ್ಷರ ತಪ್ಪಿದರೂ ಹೆಚ್ಚಿನ ಸಲ ಗೆರೆ ಬರುತ್ತದೆ. ಹೆಸರಿಗೆ ಕಾಟ ಕೊಡುತ್ತಿದ್ದ ಗೆರೆ ಹೆಸರನ್ನು ಕಾಯುವುದಕ್ಕೆ ನಿಲ್ಲುತ್ತದೆ.

'ಚೇಂಜ್ ಆಲ್' ಒತ್ತಿದರೆ ಸಮಯ ಉಳಿಯುತ್ತದೆ ಅಲ್ವಾ?

ಉಳಿಯುತ್ತದೆ, ಆದರೆ ಒಂದು ತಪ್ಪು ನಿರ್ಧಾರ ನೂರು ಕಡೆ ಹೋಗಿ ಕೂರುತ್ತದೆ. ಇದಕ್ಕೊಂದು ಹೆಸರೇ ಹುಟ್ಟಿಕೊಂಡಿದೆ, 'ಕುಪರ್ಟಿನೋ ಎಫೆಕ್ಟ್'. ಸಹಕಾರ ಎಂಬ ಅರ್ಥದ 'ಕೋಆಪರೇಷನ್' ಪದವನ್ನು ನಡುವೆ ಅಡ್ಡಗೆರೆ ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ. ಹಳೆಯ ಕೆಲವು ಸ್ಪೆಲ್ ಚೆಕ್ ಡಿಕ್ಷನರಿಗಳಲ್ಲಿ ಅಡ್ಡಗೆರೆ ಇರುವ ರೂಪ ಮಾತ್ರ ಇತ್ತು. ಅಡ್ಡಗೆರೆ ಇಲ್ಲದ್ದು ಕಂಡಾಗ ಅವು ಮುಂದಿಡುತ್ತಿದ್ದ ಪದ 'ಕುಪರ್ಟಿನೋ'. ಆಪಲ್ ಕಂಪನಿಯ ಮುಖ್ಯ ಕಚೇರಿ ಇರುವ ಕ್ಯಾಲಿಫೋರ್ನಿಯಾದ ಊರು ಅದು. ವಿಶ್ವಸಂಸ್ಥೆ, ಯುರೋಪಿಯನ್ ಯೂನಿಯನ್, ನ್ಯಾಟೋ ಇವುಗಳ ದಾಖಲೆಗಳಲ್ಲಿ ದೇಶ ದೇಶಗಳ ನಡುವಿನ 'ಸಹಕಾರ' ಇರಬೇಕಾದ ಕಡೆ 'ಕುಪರ್ಟಿನೋ' ನುಸುಳಿತ್ತು. ಬರೆದವರು, ಓದಿದವರು, ಒಪ್ಪಿಗೆ ಕೊಟ್ಟವರು ಎಲ್ಲರ ಕಣ್ಣೂ ತಪ್ಪಿಸಿ.

ಎರಡನೇ ಸಲ ಅದೇ ಪದ ಬಂದಾಗ ಇನ್ನೊಮ್ಮೆ ಒತ್ತುವುದಕ್ಕೆ ಒಂದು ಸೆಕೆಂಡು ಸಾಕು. ನಾನು 'ಚೇಂಜ್ ಆಲ್' ಬಳಸುವುದನ್ನೇ ಬಿಟ್ಟಿದ್ದೇನೆ.

ಕೆಂಪು ಗೆರೆ ಒಂದೂ ಇಲ್ಲ. ಫೈಲ್ ಸರಿಯಾಗಿದೆ ಎಂದುಕೊಳ್ಳಬಹುದಾ?

ಖಂಡಿತ ಬೇಡ. ಡಿಕ್ಷನರಿಯಲ್ಲಿ ಇರುವ ಪದವೇ ತಪ್ಪು ಜಾಗದಲ್ಲಿ ಬಂದರೆ ಗೆರೆ ಬರುವುದಿಲ್ಲ.

"ಅವರು ನನಗೆ ಪತ್ರ ಕಲಿಸಿದರು" ಎಂಬ ವಾಕ್ಯ ನೋಡಿ. ಬರೆಯಬೇಕಿದ್ದದ್ದು 'ಕಳಿಸಿದರು'. ಎರಡೂ ಒಳ್ಳೆಯ ಕನ್ನಡ ಪದಗಳೇ. ಹುಳಿ ಮತ್ತು ಹುಲಿ, ಬೆಳೆ ಮತ್ತು ಬೆಲೆ, ಕೊಡಿ ಮತ್ತು ಕೂಡಿ ಇವೂ ಹಾಗೇ. ಲ ಮತ್ತು ಳ ಎಷ್ಟೋ ಕೀಬೋರ್ಡ್ ವಿನ್ಯಾಸಗಳಲ್ಲಿ ಒಂದೇ ಕೀಯಲ್ಲಿವೆ, ಶಿಫ್ಟ್ ಹಿಡಿದರೆ ಒಂದು, ಬಿಟ್ಟರೆ ಇನ್ನೊಂದು. ಒಂದು ಬೆರಳು ಸಡಿಲಾದರೆ ಬೆಳೆ ಹೋಗಿ ಬೆಲೆ ಬರುತ್ತದೆ. ಇಂಗ್ಲಿಷಿನಲ್ಲಿ 'ಫಾರ್ಮ್' ಮತ್ತು 'ಫ್ರಮ್' ಇದೇ ಜಾತಿಯವು, ನಾಲ್ಕೂ ಅಕ್ಷರ ಅವೇ, ನಡುವಿನ ಎರಡರ ಸಾಲು ಮಾತ್ರ ಬೇರೆ.

ಈಚಿನ ಪ್ರೋಗ್ರಾಂಗಳು ಇಂಗ್ಲಿಷಿನಲ್ಲಿ ಇಂಥ ಕೆಲವನ್ನು ಸುತ್ತಲಿನ ಪದ ನೋಡಿ ಹಿಡಿಯುತ್ತವೆ. ಕನ್ನಡದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಬೆರಳು ಪದೇ ಪದೇ ಜಾರುವ ಜೋಡಿಗಳು ಯಾವುವು ಎಂದು ನಿಮಗೇ ಗೊತ್ತಿರುತ್ತದೆ. ಅವನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ 'ಫೈಂಡ್' ಹಾಕಿ ಒಂದೊಂದಾಗಿ ನೋಡಿ. 'ಕಲಿ' ಎಂದಷ್ಟೇ ಹಾಕಿ ಹುಡುಕಿದರೆ ಕಲಿಸಿದ, ಕಲಿಸುವ, ಕಲಿಸಿದರು ಎಲ್ಲ ಸಿಗುತ್ತವೆ.

ಕನ್ನಡದಲ್ಲಿ ಬರೆದರೆ ಇಡೀ ಪುಟ ಕೆಂಪಾಗುತ್ತದೆ. ಯಾಕೆ?

ಮೊದಲು ಭಾಷೆ ನೋಡಿ. ಬರಹ ಕನ್ನಡದ್ದಾದರೂ ವರ್ಡ್ ಅದನ್ನು ಬೇರೆ ಭಾಷೆ ಎಂದುಕೊಂಡಿರಬಹುದು. ಬರಹವನ್ನು ಸೆಲೆಕ್ಟ್ ಮಾಡಿ, 'ರಿವ್ಯೂ', 'ಲಾಂಗ್ವೇಜ್', 'ಸೆಟ್ ಪ್ರೂಫಿಂಗ್ ಲಾಂಗ್ವೇಜ್' ಒತ್ತಿ ಕನ್ನಡ ಆರಿಸಿ. ಕನ್ನಡದ ಪ್ರೂಫಿಂಗ್ ಟೂಲ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಮೈಕ್ರೋಸಾಫ್ಟ್‌ನಿಂದ ಇಳಿಸಿಕೊಳ್ಳಬೇಕು.

ಇಷ್ಟು ಮಾಡಿದ ಮೇಲೂ ಕೆಂಪು ಪೂರ್ತಿ ಹೋಗುವುದಿಲ್ಲ. ಅದಕ್ಕೆ ಕಾರಣ ನಮ್ಮ ಭಾಷೆಯ ಗುಣ. ಇಂಗ್ಲಿಷಿನಲ್ಲಿ ಮನೆಗೆ ಒಂದು ಪದ, 'ಒಳಗೆ', 'ಇಂದ', 'ಗೆ' ಎಲ್ಲ ಬೇರೆ ಪದಗಳು. ನಮ್ಮಲ್ಲಿ ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯಿಂದಲೇ, ಮನೆಯವರು, ಮನೆಯವರಿಗೂ, ಮನೆಯವರಿಗೇನೋ. ಒಂದೇ ಪದ ಎಷ್ಟು ಬಾಲ ಬೇಕಾದರೂ ಹೊತ್ತುಕೊಳ್ಳುತ್ತದೆ. 'ಹೋಗಬೇಕಾಗಿಲ್ಲವೇನೋ' ಎಂದು ಬಾಯಲ್ಲಿ ಸಲೀಸಾಗಿ ಹೇಳುತ್ತೇವೆ. ಬರೆದರೆ ಅದು ಒಂದೇ ಪದ. ಅದನ್ನು ಯಾವ ಡಿಕ್ಷನರಿಯಲ್ಲಿ ಸೇರಿಸಿಟ್ಟಿರುತ್ತಾರೆ?

ಹಾಗಾಗಿ ಕನ್ನಡಕ್ಕೆ ಪದಪಟ್ಟಿ ಒಂದೇ ಸಾಲದು. ಪದ ಬೆಳೆಯುವ ನಿಯಮಗಳೂ ಬೇಕು. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಇವುಗಳ ಒಳಗಿರುವ 'ಹನ್‌ಸ್ಪೆಲ್' ಎಂಬ ಸ್ಪೆಲ್ ಚೆಕ್ ಇಂಥದ್ದಕ್ಕೆಂದೇ ಹುಟ್ಟಿದ್ದು. ಹಂಗೇರಿಯನ್ ಕೂಡ ಪ್ರತ್ಯಯ ಸೇರಿಸುತ್ತಾ ಹೋಗುವ ಭಾಷೆ. ಅದಕ್ಕೆ ಹೊಂದುವಂತೆ ಲಾಸ್ಲೊ ನೇಮೆತ್ ಇದನ್ನು ಮಾಡಿದರು. ಅದರಲ್ಲಿ ಮೂಲ ಪದಗಳದ್ದು ಒಂದು ಫೈಲ್, ಯಾವ ಪದಕ್ಕೆ ಯಾವ ಬಾಲ ಹೇಗೆ ಅಂಟುತ್ತದೆ ಎಂಬ ನಿಯಮಗಳದ್ದು ಇನ್ನೊಂದು ಫೈಲ್. ನಿಯಮ ಎಷ್ಟು ಚೆನ್ನಾಗಿ ಬರೆದಿದ್ದಾರೋ ಅಷ್ಟು ಕೆಂಪು ಕಮ್ಮಿ. ಕನ್ನಡ ಬಲ್ಲವರು ಕೂತು ಮಾಡಬೇಕಾದ ಕೆಲಸ ಇದು. ಇಂಥದ್ದಕ್ಕೆ ಯಾರಾದರೂ ಕೈ ಹಾಕಿದ್ದಾರೆ ಎಂದು ಕೇಳಿದರೆ ನನಗೆ ನಿಜವಾಗಿಯೂ ಖುಷಿಯಾಗುತ್ತದೆ.

ಪದ ಸರಿಯಾಗೇ ಕಾಣುತ್ತದೆ, ಆದರೂ ಕೆಂಪು ಗೆರೆ. ಇದೇನು?

ಕಣ್ಣಿಗೆ ಕಾಣುವುದು ಒಂದು, ಒಳಗೆ ಇರುವುದು ಇನ್ನೊಂದು. ನನ್ನ ಕೈಗೆ ಬರುವ ಫೈಲುಗಳಲ್ಲಿ ಮೂರು ಕಾರಣ ಪದೇ ಪದೇ ಸಿಗುತ್ತವೆ.

ಮೊದಲನೆಯದು ಸೊನ್ನೆ. 'ಅಂದ' ಬರೆಯುವಾಗ ಅ ಪಕ್ಕ ಹಾಕುವ ಸೊನ್ನೆ ಅನುಸ್ವಾರ. ಕನ್ನಡ ಅಂಕಿಗಳ ಸೊನ್ನೆ ಬೇರೆ. ಇದು ನೋಡಿ: ಂ ಮತ್ತು ೦. ಹೆಚ್ಚಿನ ಫಾಂಟ್‌ಗಳಲ್ಲಿ ಎರಡೂ ಒಂದೇ ದುಂಡು. ಅಂಕಿಯ ಸೊನ್ನೆ ಹಾಕಿ ಬರೆದರೂ ಓದುವವರಿಗೆ 'ಅ೦ದ' ಎಂದೇ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಪದದ ನಡುವೆ ಅಂಕಿ ಬಂದ ಹಾಗೆ. ಕೆಂಪು ಗೆರೆ ಸರಿಯಾಗಿಯೇ ಹಿಡಿದಿದೆ. ಹುಡುಕಿದರೆ ಆ ಪದ ಸಿಗುವುದೂ ಇಲ್ಲ, ಅಕಾರಾದಿಯಾಗಿ ಜೋಡಿಸಿದರೆ ಬೇರೆಲ್ಲೋ ಹೋಗಿ ಕೂರುತ್ತದೆ. 'ಫೈಂಡ್' ಪೆಟ್ಟಿಗೆಯಲ್ಲಿ ಅಂಕಿಯ ಸೊನ್ನೆ ಹಾಕಿ ಹುಡುಕಿ, ನಿಜವಾದ ಅಂಕಿಗಳನ್ನು ಬಿಟ್ಟು ಉಳಿದವನ್ನು ಬದಲಾಯಿಸಿ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ್ ಆದಮೇಲೆ ವೇ ಒತ್ತಾಗದೆ ಬೇರೆ ನಿಲ್ಲಬೇಕು. ಅದಕ್ಕೆ ನಡುವೆ ಅಗಲವೇ ಇಲ್ಲದ ಒಂದು ಬೇರ್ಪಡಿಸುವ ಗುರುತು ಹಾಕುತ್ತೇವೆ. ಹಾಕದಿದ್ದರೆ 'ಸಾಫ್ಟ್ವೇರ್' ಎಂದು ಕೆಳಗೆ ಒತ್ತಕ್ಷರವಾಗುತ್ತದೆ. ಈ ಗುರುತು ಬೇಕಾದ ಕಡೆ ಇದ್ದರೆ ಒಳ್ಳೆಯದೇ. ಆದರೆ ಕೆಲವು ಸಲ ಕಾಪಿ ಪೇಸ್ಟ್ ಮಾಡುವಾಗ ಬೇಡದ ಕಡೆಯೂ ಬಂದು ಸೇರಿಕೊಳ್ಳುತ್ತದೆ, ಉದಾಹರಣೆಗೆ ಪದದ ಕೊನೆಯಲ್ಲಿ. ಅಲ್ಲಿ ಅದು ಏನೂ ಕಾಣುವುದಿಲ್ಲ, ಆದರೆ ಪದ ಮಾತ್ರ ಡಿಕ್ಷನರಿಯ ಪದಕ್ಕೆ ಸರಿಹೊಂದುವುದಿಲ್ಲ.

ಮೂರನೆಯದು ಒಂದೇ ಸ್ವರಚಿಹ್ನೆಯನ್ನು ಎರಡು ಥರ ಬರೆಯುವುದು. 'ಕೊ' ಎಂಬಲ್ಲಿರುವ ಒ ಸ್ವರಚಿಹ್ನೆ, ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇದೆ. ಎ ಮತ್ತು ಊ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟರೂ ಅದೇ ಆಕಾರ ಬರುತ್ತದೆ. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ. ಎಲ್ಲ ಪ್ರೋಗ್ರಾಂಗಳೂ ಹಾಗೆ ನೋಡುವುದಿಲ್ಲ.

ಎರಡನೆಯದಕ್ಕೂ ಮೂರನೆಯದಕ್ಕೂ ಮದ್ದು ಒಂದೇ. ಪದವನ್ನು ಪೂರ್ತಿ ಅಳಿಸಿ ನಿಮ್ಮ ಕೀಬೋರ್ಡಿನಲ್ಲಿ ಹೊಸದಾಗಿ ಹೊಡೆಯಿರಿ. ಗೆರೆ ಹೋದರೆ ತೊಂದರೆ ಒಳಗಿತ್ತು ಎಂದು ಅರ್ಥ.

ಹಳೆಯ ಕನ್ನಡ ಫೈಲಿನಲ್ಲಿ ಅಕ್ಷರಗಳೇ ಬದಲಾಗುತ್ತಿವೆ!

ಯೂನಿಕೋಡ್‌ಗಿಂತ ಮುಂಚಿನ ಆಸ್ಕಿ ಫಾಂಟ್‌ಗಳಲ್ಲಿ ಹೊಡೆದ ಫೈಲ್ ಇರಬೇಕು. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ. ಆಟೋಕರೆಕ್ಟ್‌ಗೆ ಕಾಣುವುದು ಒಳಗಿನ ಇಂಗ್ಲಿಷ್. ವಾಕ್ಯದ ಮೊದಲು ಚಿಕ್ಕ ಅಕ್ಷರ ಇದೆ ಎಂದು ದೊಡ್ಡದು ಮಾಡುತ್ತದೆ. ಆ ಫಾಂಟಿನಲ್ಲಿ ದೊಡ್ಡ ಅಕ್ಷರಕ್ಕೆ ಬೇರೆಯದೇ ಕನ್ನಡ ಆಕಾರ ಇರುವುದರಿಂದ ಪದ ಕೆಟ್ಟುಹೋಗುತ್ತದೆ. ಇಂಥ ಫೈಲ್ ತೆರೆಯುವ ಮುಂಚೆ ಆಟೋಕರೆಕ್ಟ್ ಪೂರ್ತಿ ಆಫ್ ಮಾಡಿ. ಸಾಧ್ಯವಾದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಕೆಲಸ ಶುರು ಮಾಡಿ.

ಉದ್ಧರಣ ಚಿಹ್ನೆ, ಅಡ್ಡಗೆರೆ ಇವೂ ತಾನಾಗಿ ಬದಲಾಗುತ್ತವಲ್ಲ?

ಹೌದು, ಅದೇ ಕಿಟಕಿಯ 'ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್' ಎಂಬ ಭಾಗದ ಕೆಲಸ ಅದು. ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ, ಎರಡು ಚಿಕ್ಕ ಗೆರೆಗಳನ್ನು ಒಂದು ಉದ್ದ ಗೆರೆ ಮಾಡುತ್ತದೆ. ಪುಸ್ತಕಕ್ಕೆ ಚೆಂದ. ಪ್ರೋಗ್ರಾಂ ಕೋಡ್ ಅಥವಾ ಪಾಸ್‌ವರ್ಡ್ ಬರೆಯುವವರಿಗೆ ತೊಂದರೆ, ಯಾಕೆಂದರೆ ಬಾಗಿದ ಚಿಹ್ನೆ ಅಲ್ಲಿ ಕೆಲಸ ಮಾಡುವುದಿಲ್ಲ. ಕೋಡನ್ನು ವರ್ಡ್‌ನಲ್ಲಿ ಬರೆಯಬೇಡಿ.

ಎಕ್ಸೆಲ್‌ನಲ್ಲಿ ಬರೆದದ್ದು ತಾರೀಖಾಗಿ ಬದಲಾಗುತ್ತದೆ. ಅದೂ ಆಟೋಕರೆಕ್ಟಾ?

ಅದರ ದಾಯಾದಿ. ತಾರೀಖಿನಂತೆ ಕಾಣುವುದನ್ನು ತಾರೀಖು ಎಂದೇ ಊಹಿಸಿ ಬದಲಾಯಿಸುವುದು. ಇದರಿಂದ ವಿಜ್ಞಾನಿಗಳು ಎಷ್ಟು ಕಷ್ಟಪಟ್ಟರು ಎಂದರೆ ವಂಶವಾಹಿಗಳ, ಅಂದರೆ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು. 'ಮಾರ್ಚ್1', 'ಸೆಪ್ಟ್1' ಎಂಬ ಜೀನ್ ಹೆಸರುಗಳು ಎಕ್ಸೆಲ್‌ಗೆ ಹಾಕಿದ ಕೂಡಲೇ ಮಾರ್ಚ್ 1, ಸೆಪ್ಟೆಂಬರ್ 1 ಆಗಿಬಿಡುತ್ತಿದ್ದವು. 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪಿತ್ತು. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ 27 ಹೆಸರುಗಳನ್ನು ಬದಲಾಯಿಸಿದ ವಿಷಯ 2020ರಲ್ಲಿ ಹೊರಬಂತು. 'ಮಾರ್ಚ್1' ಈಗ 'ಮಾರ್ಚ್ಎಫ್1'. ಮೈಕ್ರೋಸಾಫ್ಟ್ ಈ ಬದಲಾವಣೆಯನ್ನು ಆಫ್ ಮಾಡುವ ಆಯ್ಕೆ ಕೊಟ್ಟದ್ದು 2023ರಲ್ಲಿ. ಹಳೆಯ ಎಕ್ಸೆಲ್ ಇದ್ದರೆ ಬರೆಯುವ ಮುಂಚೆ ಆ ಕಾಲಮ್ಮನ್ನು 'ಟೆಕ್ಸ್ಟ್' ಎಂದು ಮಾಡಿಕೊಳ್ಳಿ. ಬದಲಾದ ಮೇಲೆ ಮಾಡಿದರೆ ಮೂಲ ವಾಪಸ್ ಬರುವುದಿಲ್ಲ.

ಇದರಿಂದ ನಮಗೆ ಉಪಯೋಗವೇ ಇಲ್ವಾ?

ಬೇಕಾದಷ್ಟಿದೆ. ಪಟ್ಟಿಯನ್ನು ನಿಮ್ಮದು ಮಾಡಿಕೊಳ್ಳಬೇಕು, ಅಷ್ಟೇ. ಉದ್ದನೆಯ ಹುದ್ದೆ, ಸಂಸ್ಥೆಯ ಹೆಸರು, ಪತ್ರದ ಕೊನೆಯ ಸಾಲು ಇವಕ್ಕೆಲ್ಲ ಚಿಕ್ಕ ಗುರುತು ಕೊಟ್ಟು ಪಟ್ಟಿಗೆ ಸೇರಿಸಿ. ವರ್ಡ್‌ನಲ್ಲಿ ಬಲಗಡೆಗೆ 255 ಅಕ್ಷರಗಳವರೆಗೆ ಹಾಕಬಹುದು. ನಾನು 'ಕಾನಿ' ಎಂದು ಹೊಡೆದರೆ 'ಕಾರ್ಯನಿರ್ವಾಹಕ ನಿರ್ದೇಶಕರು' ಬರುತ್ತದೆ. ಪ್ರತಿ ಸಲವೂ ಒಂದೇ ರೂಪ, ಒಂದೇ ಕಾಗುಣಿತ. ದೊಡ್ಡ ಫೈಲಿನಲ್ಲಿ ಇದು ಸಣ್ಣ ಲಾಭವಲ್ಲ.

ಗುರುತು ಆರಿಸುವಾಗ ಮಾತ್ರ ಹುಷಾರು. ನನ್ನ ಜೊತೆ ಕೆಲಸ ಮಾಡುವವರೊಬ್ಬರು 'ಸಹಿ' ಎಂದು ಹೊಡೆದರೆ ತಮ್ಮ ಹೆಸರು, ಹುದ್ದೆ, ಫೋನ್ ನಂಬರ್ ಬರುವ ಹಾಗೆ ಮಾಡಿಕೊಂಡಿದ್ದರು. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಒಂದು ಫಾರಂನಲ್ಲಿ "ಇಲ್ಲಿ ಸಹಿ ಮಾಡಿ" ಎಂದು ಬರೆದರು. ಸಹಿ ಇರಬೇಕಾದ ಕಡೆ ಅವರ ಹೆಸರು, ಹುದ್ದೆ, ನಂಬರ್ ಎಲ್ಲ ಬಂದು ಕೂತಿತ್ತು. ಮಾತಿನಲ್ಲಿ ಎಂದೂ ಬಾರದ ಗುರುತು ಆರಿಸಿ. 'ಸಸಹಿ' ಎಂದಿಟ್ಟರೆ ಸಾಕು.

ಹೊಸ ಕಂಪ್ಯೂಟರಿಗೆ ನನ್ನ ಪಟ್ಟಿ ಬರುತ್ತದಾ?

ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ವಿಂಡೋಸ್‌ನಲ್ಲಿ ವರ್ಡ್ ಇದನ್ನು ಎಸಿಎಲ್ ಎಂದು ಕೊನೆಯಾಗುವ ಫೈಲುಗಳಲ್ಲಿ ಇಡುತ್ತದೆ. ಫೈಲಿನ ಹೆಸರಿನಲ್ಲಿ ಭಾಷೆಯ ಸಂಖ್ಯೆ ಇರುತ್ತದೆ. ಅಮೆರಿಕನ್ ಇಂಗ್ಲಿಷಿಗೆ 1033, ಕನ್ನಡಕ್ಕೆ 1099. ಕಸ್ಟಮ್ ಡಿಕ್ಷನರಿ ಬೇರೆ ಫೈಲ್, ಅದು ಡಿಐಸಿ ಎಂದು ಕೊನೆಯಾಗುತ್ತದೆ. ಎರಡನ್ನೂ ಕಾಪಿ ಮಾಡಿ ಇಟ್ಟುಕೊಳ್ಳಿ. ವರ್ಷಗಟ್ಟಲೆ ಕೂಡಿಸಿದ ಪಟ್ಟಿ ಒಂದು ಫಾರ್ಮ್ಯಾಟ್‌ನಲ್ಲಿ ಹೋದರೆ ಹೊಟ್ಟೆ ಉರಿಯುತ್ತದೆ.

ಸುಮ್ನೆ ಪೂರ್ತಿ ಆಫ್ ಮಾಡಿಬಿಡಲಾ?

ನಿಮ್ಮ ಬರಹದಲ್ಲಿ ಹೆಸರು, ಔಷಧಿ, ಕಾನೂನಿನ ಪದ, ಎರಡು ಮೂರು ಭಾಷೆ ಕೂಡಿಬರುವುದು ಜಾಸ್ತಿ ಇದ್ದರೆ ತಾನಾಗಿ ತಿದ್ದುವುದನ್ನು ಆಫ್ ಮಾಡಿ. ಕೆಂಪು ಗೆರೆ ಮಾತ್ರ ಇರಲಿ. ತಪ್ಪನ್ನು ತೋರಿಸಲಿ, ತಿದ್ದುವುದು ನೀವು. ಇಂಗ್ಲಿಷಿನಲ್ಲಿ ದಿನವಿಡೀ ಪತ್ರ ಹೊಡೆಯುವವರಿಗೆ ಆನ್ ಇರುವುದೇ ಅನುಕೂಲ. ಕಥೆ, ಕವಿತೆ ಬರೆಯುವವರು ಮೊದಲ ಕರಡು ಮುಗಿಯುವವರೆಗೆ ಎರಡನ್ನೂ ಆಫ್ ಮಾಡಿ ನೋಡಿ. ಆಡುಮಾತಿನ ಪದಕ್ಕೆಲ್ಲ ಕೆಂಪು ಗೆರೆ ಬೀಳುತ್ತಿದ್ದರೆ ಬರೆಯುವ ಕೈ ತಾನಾಗಿ ಪುಸ್ತಕದ ಮಾತಿಗೆ ಹೋಗಿಬಿಡುತ್ತದೆ. ಎಷ್ಟೋ ಒಳ್ಳೆಯ ಮಾತುಗಳು ಹೀಗೆ ಕಳೆದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಫೈಲ್ ಕಳಿಸುವ ಮುಂಚೆ ಕೊನೆಯದಾಗಿ ಏನು ನೋಡಬೇಕು?

ಸ್ಪೆಲ್ ಚೆಕ್ ಓಡಿಸಿ, ವರ್ಡ್‌ನಲ್ಲಿ ಎಫ್7. ಆಮೇಲೆ ನಿಮ್ಮ ಜಾರುವ ಜೋಡಿಗಳನ್ನು ಹುಡುಕಿ. ಶೀರ್ಷಿಕೆಗಳನ್ನು ಬೇರೆಯಾಗಿ ಓದಿ, ದೊಡ್ಡ ಅಕ್ಷರದಲ್ಲಿರುವ ತಪ್ಪು ಯಾಕೋ ಕಣ್ಣಿಗೆ ಬೀಳುವುದೇ ಇಲ್ಲ. ಸಾಧ್ಯವಾದರೆ ಇನ್ನೊಬ್ಬರು ಜೋರಾಗಿ ಓದಲಿ, ನೀವು ಕೇಳಿಸಿಕೊಳ್ಳಿ. 'ಪತ್ರ ಕಲಿಸಿದರು' ಕಣ್ಣಿಗೆ ತಪ್ಪಿದರೂ ಕಿವಿಗೆ ಸಿಗುತ್ತದೆ.

ಹೆಸರುಗಳು ಎಲ್ಲಕ್ಕಿಂತ ಕೊನೆಗೆ. ಬರೆದವರು ಕೊಟ್ಟ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಓದಿ.